ಮಾವ ಬರೆದುಕೊಟ್ಟ ಮಾತ್ರೆ

ಇಂದಿರಾಪುರಂ
9 ಡಿಸೆಂಬರ್ 2024

ಪ್ರೀತಿಯ ಚಂದ್ರಕಾಂತ ಮಾವ,

ಹೀಗೆ ಮೇಲ್ ಬರೆಯುತ್ತಿರುವುದಕ್ಕೆ ಮೊದಲೇ ಸಾರಿ ಕೇಳಿಬಿಡುತ್ತೇನೆ. ಫೋನಿನಲ್ಲಿ ನೀವು "ಟೆನ್ಷನ್ ಮಾಡ್ಕೋಬೇಡ ಪುಟ್ಟಿ" ಅಂದುಬಿಟ್ಟರೆ ನಾನು ಹ್ಞೂಂ ಅಂದು ಫೋನ್ ಇಟ್ಟುಬಿಡುತ್ತೇನೆ. ಸ್ಕೂಲೆಲ್ಲ ಹಾಸ್ಟೆಲಿನಲ್ಲೇ ಓದಿದ ನನ್ನದು ಹಾಸ್ಟೆಲ್ ಕನ್ನಡ, ತಪ್ಪಿದ್ದರೆ ಅಡ್ಜಸ್ಟ್ ಮಾಡಿಕೊಳ್ಳಿ. ಅತ್ತೆಗೆ ನಮಸ್ಕಾರ.

ಅಮ್ಮ ಆಸ್ಪತ್ರೆಯಲ್ಲಿರುವುದು ನಿಮಗೆ ಗೊತ್ತು. ಕೆಮ್ಮು ಶುರುವಾದಾಗ ದಿಲ್ಲಿ ಹೊಗೆಗೆ ಸೊಸೈಟಿಯ ಫ್ಲ್ಯಾಟುಗಳಲ್ಲಿ ಎಲ್ಲರೂ ಕೆಮ್ಮುತ್ತಿದ್ದರು. ನಾವೂ ಏರ್ ಪ್ಯೂರಿಫೈಯರ್ ತಂದೆವು, ಕಿಟಕಿ ಸಂದಿಗೆ ಟೇಪ್ ಹಚ್ಚಿದೆವು. ಆಮೇಲೆ ಲಿಫ್ಟಿನಿಂದ ನಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಅಮ್ಮ ಗೋಡೆ ಹಿಡಿದು ನಿಲ್ಲತೊಡಗಿದಳು.

ಶ್ವಾಸಕೋಶದ ಡಾಕ್ಟರ್ ಸ್ಕ್ಯಾನ್ ನೋಡಿ, ದಿನಾ ಯಾವ ಮಾತ್ರೆ ಎಂದು ಕೇಳಿದರು. ಮೂತ್ರದ ಇನ್ಫೆಕ್ಷನ್ ಮತ್ತೆ ಬರದಿರಲಿ ಎಂದು ನುಂಗುವ ಆ್ಯಂಟಿಬಯಾಟಿಕ್ ತೋರಿಸಿದೆ. "ಅಚ್ಛಾ! ಇದು ಎಷ್ಟು ವರ್ಷದಿಂದ?" ಅಂದರು. ಬಹಳ ಕಾಲ ತೆಗೆದುಕೊಂಡರೆ ಕೆಲವರ ಶ್ವಾಸಕೋಶಕ್ಕೇ ಅದು ಗಾಯ ಮಾಡುತ್ತದಂತೆ. ಅಮ್ಮ, ನೆನಪು ಮಾಡಿಕೊಂಡು ನಾಳೆ ಹೇಳುತ್ತೇನೆ ಅಂದಳು.

ಮಾವ, ಅದು ನೀವು ಕೊಟ್ಟ ಮಾತ್ರೆ. ಮೂತ್ರದ ಉರಿಯನ್ನು ಇಲ್ಲಿನ ಡಾಕ್ಟರಿಗೆ ಹಿಂದಿಯಲ್ಲಿ ಹೇಳಿಕೊಳ್ಳಲು ನಾಚಿಕೆಯೆಂದು ಅಮ್ಮ ಮೈಸೂರಿಗೆ, ಡಾಕ್ಟರಾದ ನಿಮಗೇ ಫೋನ್ ಮಾಡುತ್ತಿದ್ದಳು. ನೀವು ವಾಟ್ಸಾಪಿನಲ್ಲಿ ಮಾತ್ರೆ ಚೀಟಿ ಕಳಿಸುತ್ತಿದ್ದಿರಿ. ಈ ಮಾತ್ರೆಯಿಂದ ಕೆಮ್ಮು ಬರುತ್ತದಾ ಅಂತ ಅಕ್ಟೋಬರಿನಲ್ಲಿ ನಾನೇ ಕೇಳಿದ್ದೆ. "ಬಿ.ಕಾಂ. ಫಸ್ಟ್ ಇಯರಿಗೇ ಡಾಕ್ಟರ್ ಆಗ್ಬಿಟ್ಯಾ? ದಿಲ್ಲಿ ಗಾಳಿ ಕಣೇ ಅದು" ಎಂದು ನಕ್ಕಿರಿ. ನಾನೂ ನಕ್ಕೆ. ಅಪ್ಪ ಹೋದಮೇಲೆ ನಮ್ಮ ಮನೆಯಲ್ಲಿ ನಿಮ್ಮ ಮಾತಿಗೆ ಎದುರೇ ಇಲ್ಲವಲ್ಲ.

ಈಗ ಮಾತ್ರೆ ನಿಲ್ಲಿಸಿ ಆಕ್ಸಿಜನ್ ಹಾಕಿದ್ದಾರೆ. ನನಗೆ ಕ್ಲಾಸೂ ಬೇಡ, ಊಟವೂ ಸೇರುವುದಿಲ್ಲ. ನೀವೆಲ್ಲ ಚೆನ್ನಾಗಿರಿ.

ನಿಮ್ಮ
ಧಾರಿಣಿ

ವಿ.ಸೂ.: ಮರುದಿನ ಅಮ್ಮ ಡಾಕ್ಟರಿಗೆ, ಒಂದೇ ತಿಂಗಳಾಯಿತು, ಅಂಗಡಿಯಿಂದ ನಾನೇ ತಂದುಕೊಂಡೆ ಎಂದುಬಿಟ್ಟಳು. ಹಾಗಾದರೆ ಬೇರೇನೋ ಕಾಯಿಲೆ ಇರಬೇಕೆಂದು ಗುರುವಾರ ಅವಳ ಶ್ವಾಸಕೋಶದ ಚೂರು ಕತ್ತರಿಸಿ ಪರೀಕ್ಷೆಗೆ ತೆಗೆಯಲಿದ್ದಾರೆ. ಯಾಕಮ್ಮಾ ಸುಳ್ಳು ಹೇಳಿದೆ ಎಂದು ನಾನು ಅತ್ತುಬಿಟ್ಟೆ. ಅಮ್ಮ ಮಾಸ್ಕ್ ಸರಿಸಿ, "ಅಣ್ಣನೇ ಹಾಗೆ ಹೇಳು ಅಂದ. ಅವನ ಹೆಸರು ಎತ್ತಬೇಡ ಕಣೇ" ಅಂದಳು. ಎಷ್ಟು ವರ್ಷ ಎಂದು ಹೇಳೋಣವೆಂದರೆ ನಾನು ಹಾಸ್ಟೆಲಿನಲ್ಲಿದ್ದೆ, ನನಗೆ ಗೊತ್ತಿಲ್ಲ. ನಿಮಗೆ ಗೊತ್ತು. ಡಾಕ್ಟರಿಗೆ ತೋರಿಸಲು ಬುಧವಾರದೊಳಗೆ ಬರೆದು ಕಳಿಸಿ. ಬೇಗ ಉತ್ತರ ಕೊಡಿ ಮಾವ.