ಶನಿವಾರ ಮಾವನವರು ಹೊಳೆಗೆ ಇಳಿಯುತ್ತಾರೆ

ಹೆಬ್ಬಗೋಡಿ,
೧೬ ಫೆಬ್ರವರಿ ೨೦೦೯, ಸೋಮವಾರ

ಮೀನುಗಳಿಗೂ ಪ್ರವಾಸಿಗಳಿಗೂ ಭೇದಭಾವವಿಲ್ಲದೆ ಸೇವೆ ಸಲ್ಲಿಸುತ್ತಿರುವ ನನ್ನ ಯಜಮಾನರಿಗೆ, ನಿಮ್ಮ ಹೊಳೆವ್ವ ಮಾಡುವ ನಮಸ್ಕಾರಗಳು.

ಮೈ ಹೇಗಿದೆ? ಬಲಭುಜದ ನೋವು ಇಳಿಯಿತೇ? ಕಳಿಸಿದ ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದೀರೋ ಅಥವಾ ಅದನ್ನೂ ಹರಿಗೋಲಿಗೆ ಬಳಿದಿರೋ? ಕಾವೇರಿಯ ದಂಡೆಯಲ್ಲಿ ಬೆಳಗಿನ ಚಳಿ ಇನ್ನೂ ಕಚ್ಚುತ್ತಿದೆ ಎಂದು ನಿಮ್ಮ ಕ್ಯಾಂಪಿನ ಜೀಪಿನ ಡ್ರೈವರ್ ಹೇಳಿದ. ಹೊದಿಕೆಯನ್ನು ಕ್ಯಾಂಪಿಗೆ ಬಂದವರಿಗೆ ದಾನ ಮಾಡಿ ನೀವು ಗೋಣಿಚೀಲ ಹೊದ್ದು ಮಲಗಬೇಡಿ, ನಿಮ್ಮ ಧಾರಾಳ ನನಗೆ ಗೊತ್ತು. ಇಲ್ಲಿ ನಾನು ಗಟ್ಟಿಯಾಗಿದ್ದೇನೆ. ಹಿಡಿದ ಮೀನನ್ನು ತೊಡೆಯ ಮೇಲೆ ಮಲಗಿಸಿ, ಫೋಟೋ ತೆಗೆಸಿ, ಮುತ್ತಿಟ್ಟು ಮತ್ತೆ ನೀರಿಗೇ ಬಿಡುತ್ತಾರೆ ಎಂದು ಕಳೆದ ಸಲ ಬಂದಾಗ ನೀವು ಹೇಳಿದಿರಲ್ಲ, ಅಂದಿನಿಂದ ಮಾವನವರು ನಿಮ್ಮ ಕೆಲಸವನ್ನು ಮೀನುಗಾರಿಕೆ ಎನ್ನುವುದನ್ನು ಬಿಟ್ಟಿದ್ದಾರೆ. ಯಾರಾದರೂ ಕೇಳಿದರೆ "ನಮ್ಮ ಬಸ್ಯಾ ಮೀನ ಎತ್ತಿ ಆಡಸ್ತಾನ" ಎನ್ನುತ್ತಾರೆ.

ಈಗ ಸುದ್ದಿ. ಬರುವ ಶನಿವಾರ, ಶಿವರಾತ್ರಿಯ ರಜೆಗೆ ಕೂಡಿಸಿಕೊಂಡು, ನಿಮ್ಮ ತಂದೆ ಶ್ರೀ ಅಮರಪ್ಪನವರು ಕಾವೇರಿಯಲ್ಲಿ ದೋಣಿ ನಡೆಸಲಿದ್ದಾರೆ. ಜೊತೆಗೆ ನಾನು ಅಡುಗೆ ಮಾಡುವ ಮನೆಯ ಸಿದ್ಧಾರ್ಥ್ ಸಾರ್ ಮತ್ತು ಸೌಮ್ಯ ಮೇಡಂ, ಗಂಡ ಹೆಂಡತಿ. ಹಗಲು ಗಾಳ, ರಾತ್ರಿ ದಂಡೆಯ ಮೇಲೆ ಡೇರೆ. ಅನುಮತಿ ಚೀಟಿಯೂ ಸಿಕ್ಕಿದೆ. ದಾರಿ ತೋರಿಸುವ ಗೌರವವನ್ನು ಮಾವನವರಿಗೆ ವಹಿಸಲಾಗಿದೆ. ಇದರಲ್ಲಿ ಇರುವುದು ಒಂದೇ ಒಂದು ಸಣ್ಣ ತೊಡಕು. ದಾರಿ ತೋರಿಸುವವರಿಗೆ ಕಣ್ಣು ಕಾಣುವುದಿಲ್ಲ.

ಗಾಬರಿಯಾಗಬೇಡಿ ಎಂದು ಬರೆಯುವುದು ಪದ್ಧತಿ. ನಾನು ಬರೆಯುವುದಿಲ್ಲ, ನನಗೇ ಗಾಬರಿಯಾಗಿದೆ. ದೀಪಾವಳಿಯ ಸುಮಾರಿಗೆ ನನಗೆ ಅನುಮಾನ ಬಂತು. ಚಹಾವನ್ನು ಲೋಟದ ಪಕ್ಕಕ್ಕೆ ಸುರಿದು, ಲೋಟ ಸರಿಸಿದವರು ಯಾರು ಎಂದು ನನ್ನನ್ನೇ ಗದರಿದರು. ಇನ್ನೊಂದು ದಿನ ಮನೆ ಮಾಲೀಕರಾದ ಬೈರಮ್ಮನವರು ಒಗೆದು ಹಗ್ಗಕ್ಕೆ ಹಾಕಿದ್ದ ಸೀರೆಯ ಮುಂದೆ ನಿಂತು, ಕೈ ಮುಗಿದು "ಊಟ ಆತೇನ್ರೀ ಅಕ್ಕಾರ" ಎಂದು ವಿಚಾರಿಸಿದರು. ಸೀರೆ ಉತ್ತರ ಕೊಡಲಿಲ್ಲ. ಉತ್ತರ ಕೊಟ್ಟವರು ಹಿಂದಿನಿಂದ ಬಂದ ಬೈರಮ್ಮನವರೇ: "ಯಾಕವ್ವ ಒಳೆವ್ವ, ನಿಮ್ಮಾವ ಇಂಗಾಡ್ತವ್ರೆ? ಅಗ್ಗಕ್ಕೆ ಕೈ ಮುಗೀತಾವ್ರೆ!" ಆ ದಿನ ಸಂಜೆ ಮಾವನವರು ನನ್ನನ್ನು ಕೂರಿಸಿಕೊಂಡು, ನನ್ನ ಕೈಯನ್ನು ತಮ್ಮ ತಲೆಯ ಮೇಲೆ ಇಟ್ಟುಕೊಂಡು ಆಣೆ ಹಾಕಿಸಿದರು. "ಬಸ್ಯಾಗ ಹೇಳಬ್ಯಾಡ ಯವ್ವಾ. ಹೇಳಿದ್ರ ಕೆಲಸ ಬಿಟ್ಟು ಓಡಿ ಬರ್ತಾನ. ನಮ್ಮ ಮನಿತನದಾಗ ಹೊಳಿಮ್ಯಾಗ ಉಳದವ ಅವನೊಬ್ಬ. ಅವನ್ನೂ ದಂಡಿಗೆ ಎಳಿಬ್ಯಾಡ." ನಾನು ಆಣೆ ಹಾಕಿದೆ. ಈಗ ಮುರಿಯುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನಿಮಗೆ ಸಿಗ್ನಲ್ ಸಿಗುವುದು ವಾರಕ್ಕೊಮ್ಮೆ ಗುಡ್ಡ ಹತ್ತಿದಾಗ. ನನಗೆ ಇರುವುದು ಒಂದೇ ರೂಮು, ಅದರಲ್ಲಿ ನಿಮ್ಮ ದನಿ ಕೇಳಲು ನನಗಿಂತ ಮೊದಲು ಕಿವಿ ಚಾಚಿ ಕೂರುವ ಮಾವನವರು. ಅದಕ್ಕೇ ಈ ಕಾಗದ. ಬುಧವಾರ ಹೊಸೂರು ರಸ್ತೆಯಲ್ಲಿ ನಿಮ್ಮ ಕ್ಯಾಂಪಿನ ಜೀಪು ಸಿಕ್ಕಾಗ ಡ್ರೈವರ್ ಕೈಗೆ ಕೊಡುತ್ತೇನೆ.

ಎಲ್ಲ ಶುರುವಾದದ್ದು ನನ್ನ ಮರೆವಿನಿಂದ. ತಿಂಗಳ ಮೊದಲಲ್ಲಿ ರೂಮಿನ ಬೀಗದ ಕೈಯನ್ನು ಕೆಲಸದ ಮನೆಯಲ್ಲೇ ಬಿಟ್ಟು ಬಂದೆ. ತರಲು ಹೋದಾಗ ಮಾವನವರೂ ನನ್ನ ಹೆಗಲು ಹಿಡಿದುಕೊಂಡು ಬಂದರು. ಅಲ್ಲಿ ಸಿದ್ಧಾರ್ಥ್ ಸಾರ್ ಹಾಲ್‌ನ ತುಂಬ ಅಂಗಡಿ ಹರಡಿಕೊಂಡು ಕೂತಿದ್ದರು. ಮಡಚಿದರೆ ಕೊಡೆಯಷ್ಟಾಗುವ ಗಾಳದ ಕೋಲು, ಗರಗರ ತಿರುಗುವ ರೀಲು, ಹಣೆಗೆ ಕಟ್ಟಿಕೊಳ್ಳುವ ಟಾರ್ಚು, ನೀರು ಒಳಗೆ ಹೋಗದ ಚೀಲ, ಅಂಗೈಯಗಲದ ಒಲೆ, ಕಿತ್ತಳೆ ಬಣ್ಣದ ಜಾಕೆಟ್ಟುಗಳು, ಕಾಲಿನಿಂದ ಪಂಪು ಹೊಡೆದರೆ ಉಬ್ಬಿ ನಿಲ್ಲುವ ರಬ್ಬರಿನ ಉದ್ದನೆಯ ದೋಣಿ. ಅದಕ್ಕೆ ಕೆನೂ ಎನ್ನುತ್ತಾರಂತೆ. ಮಾವ ಊರ ಹೊಳೆಯಲ್ಲಿ ಹರಿಗೋಲು ನಡೆಸಿದವರು ಎಂದು ನಾನು ಬಾಯಿ ತಪ್ಪಿ ಹೇಳಿದ್ದೇ ತಡ, ಅವರನ್ನು ಸೋಫಾದ ಮೇಲೆ ಕೂರಿಸಿದರು. ಮಾವನವರು ಒಂದೊಂದೇ ಸಾಮಾನನ್ನು ಕೈಗೆ ತೆಗೆದುಕೊಂಡು ಸವರಿದರು. ಗಾಳದ ದಾರವನ್ನು ತುಟಿಗಳ ನಡುವೆ ಎಳೆದು, ನಡುವೆ ಒಂದು ಕಡೆ ನಿಂತು, "ತಮ್ಮಾ, ಇಲ್ಲಿ ಗಾಯ ಆಗೈತಿ. ದೊಡ್ಡ ಮೀನು ಜಗ್ಗಿದ್ರ ಇಲ್ಲೇ ಹರೀತೈತಿ" ಎಂದರು. ಸಾರ್ ಟಾರ್ಚು ಹಾಕಿ ನೋಡಿದರೆ ನಿಜವಾಗಿಯೂ ಸಣ್ಣ ಗೀರು ಇತ್ತು! "ನೋಡೇ ಸೌಮ್ಯಾ, ಅಜ್ಜ ಕಣ್ಣೆತ್ತಿ ನೋಡ್ಲೂ ಇಲ್ಲ, ಬರೀ ಮುಟ್ಟಿ ಹೇಳ್ಬಿಟ್ರು! ಸಕ್ಕತ್!" ಎಂದು ಸಾರ್ ಕುಣಿದರು. ಪ್ಲಾಸ್ಟಿಕ್ಕಿನ ಕಪ್ಪೆಯೊಂದನ್ನು ಸವರಿ ಮಾವನವರು ಗಂಭೀರವಾಗಿ "ಇದರ ಬಣ್ಣ ಯಾವುದು, ಹೇಳು ನೋಡೋಣ" ಎಂದಾಗ ಮೇಡಂ ಪರೀಕ್ಷೆಗೆ ಕೂತ ಹುಡುಗಿಯಂತೆ "ಹಸಿರು, ಅಜ್ಜ" ಎಂದರು. "ಹಾಂ, ಪಾಸು" ಎಂದರು ಮಾವನವರು. ಆ ಮಕ್ಕಳು ಕುರುಡನ್ನು ವಿದ್ಯೆ ಎಂದು ತಿಳಿದರು. ಪೂರ್ತಿ ತಪ್ಪು ಎನ್ನಲೂ ಬಾರದು. ವಿದ್ಯೆಯೂ ಆ ಬೆರಳುಗಳಲ್ಲೇ ಇತ್ತು. ನನ್ನ ಸಂಕಟ ಇರುವುದೂ ಅಲ್ಲೇ.

ಅಂದಿನಿಂದ ಸಂಜೆಯ ತರಗತಿಗಳು ಆರಂಭವಾದವು. ಗುರುಗಳು ಸೋಫಾದ ಮೇಲೆ, ಶಿಷ್ಯರು ನೆಲದ ಮೇಲೆ, ಲ್ಯಾಪ್‌ಟಾಪು ಶಿಷ್ಯರ ತೊಡೆಯ ಮೇಲೆ. ರಾಗಿ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ನಾದಿ, ನಿಂಬೆಹಣ್ಣಿನಷ್ಟು ಉಂಡೆ ಮಾಡಿ ಗಾಳಕ್ಕೆ ಚುಚ್ಚಬೇಕು. ಉಂಡೆ ಬಿರುಕು ಬಿಟ್ಟರೆ ಮೀನು ತಿಂದು ಹೋಗುತ್ತದೆ, ನೀವು ದಂಡೆಯಲ್ಲಿ ಧ್ಯಾನ ಮಾಡಬೇಕಾಗುತ್ತದೆ. ದಾರವನ್ನು ಯಾವತ್ತೂ ಕೈಗೆ ಸುತ್ತಿಕೊಳ್ಳಬಾರದು. ಮೀನು ಹೋಗುವಾಗ ಬೆರಳನ್ನೂ ಒಯ್ಯುತ್ತದೆ. ದೋಣಿಗೆ ಹತ್ತುವಾಗ ಬಗ್ಗಿ, ಒಬ್ಬೊಬ್ಬರೇ. ಜಾಕೆಟ್ಟಿನ ಭುಜವನ್ನು ಹಿಡಿದು ಮೇಲಕ್ಕೆ ಎಳೆದಾಗ ಅದು ಕಿವಿಗೆ ಬಂದರೆ ಪಟ್ಟಿ ಸಡಿಲ ಎಂದರ್ಥ. ಸಾಮಾನಿನ ಚೀಲವನ್ನು ದೋಣಿಗೆ ಕಟ್ಟಬೇಕು, ಮನುಷ್ಯನಿಗೆ ಕಟ್ಟಬಾರದು. ಮೆತ್ತಗಿದೆ ಎಂದು ಮರಳಿನ ಮೇಲೆ ಡೇರೆ ಹೂಡಬಾರದು. ಮೇಲೆ ಎಲ್ಲೋ ಅಣೆಕಟ್ಟಿನ ಬಾಗಿಲು ಎತ್ತಿದರೆ ಮಳೆಯಿಲ್ಲದೆಯೂ ಹೊಳೆ ಬಂದು ನಿಮ್ಮ ಹಾಸಿಗೆ ಮಡಚುತ್ತದೆ. ಪೊದೆಗಳಲ್ಲಿ ಹಳೆಯ ಕಸಕಡ್ಡಿ ಎಷ್ಟು ಎತ್ತರಕ್ಕೆ ಸಿಕ್ಕಿಕೊಂಡಿದೆ ನೋಡಿ, ಅದಕ್ಕಿಂತ ಮೇಲೆ ಮಲಗಬೇಕು. ಇದೆಲ್ಲ ಸರಿಯಾದ ಮಾತೇ, ನೀವೂ ಇದನ್ನೇ ಹೇಳುತ್ತೀರಿ. ರೊಟ್ಟಿ ತಟ್ಟುತ್ತಾ ಅಡುಗೆಮನೆಯಿಂದ ಕೇಳುತ್ತಿದ್ದ ನನಗೂ ಹೆಮ್ಮೆಯಾಯಿತು. ಹೆಸರಿಗೆ ಮಾತ್ರ ಹೊಳೆವ್ವ, ಬಕೆಟ್ಟಿಗಿಂತ ಆಳವಾದ ನೀರು ಕಂಡರೆ ಕೈಕಾಲು ತಣ್ಣಗಾಗುವವಳು ನಾನು. ನನಗೇ ಒಮ್ಮೆ ಹೊಳೆಗೆ ಹೋಗಬೇಕೆನಿಸಿತು. ಆಮೇಲೆ ಸಾರ್ ಕೇಳಿದರು: "ಅಜ್ಜ, ನೀವೇ ಬಂದ್ಬಿಡಿ, ನಮಗೆ ಧೈರ್ಯ." ಇಲ್ಲ ಎನ್ನುತ್ತಾರೆಂದು ಕಾದೆ. ಮಾವನವರು ರುಮಾಲು ಸರಿಮಾಡಿಕೊಂಡು "ಬರತೀನ್ ನಡಿರಿ" ಎಂದರು.

ನಿನ್ನೆ ಭಾನುವಾರ ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ ತಾಲೀಮು. ಧೋತರ, ರುಮಾಲು, ಮೇಲೆ ಕಿತ್ತಳೆ ಜಾಕೆಟ್ಟು: ನಿಮ್ಮ ತಂದೆ ಮದುವಣಿಗನಂತೆ ಕಾಣುತ್ತಿದ್ದರು. ಹರಿಗೋಲಿನಲ್ಲಿ ಕೂರುವಂತೆ ಕೆನೂವಿನ ಮುಂದಿನ ತುದಿಯಲ್ಲಿ ಮಂಡಿಯೂರಿ, ನೀರನ್ನು ತಮ್ಮ ಕಡೆಗೆ ಎಳೆದುಕೊಂಡರು. ಹರಿಗೋಲಾದರೆ ಮುಂದಕ್ಕೆ ಹೋಗುತ್ತಿತ್ತು. ಕೆನೂ ಗಿರಗಿರ ತಿರುಗಿತು, ಮೂರು ಸುತ್ತು. ಸಾರ್ ದಂಡೆಯಲ್ಲಿ ನಿಂತು ಅದನ್ನೂ ಬರೆದುಕೊಂಡರು. ಆಮೇಲೆ ಮಾವನವರು ಹುಟ್ಟು ಬದಲಿಸಿ ಹಿಡಿದರು, ಎರಡೇ ಎಳೆತಕ್ಕೆ ದೋಣಿಯ ಮರ್ಮ ಹಿಡಿದು ಬಾಣದಂತೆ ಬಿಟ್ಟರು. ಬಾಣದ ಎದುರಿಗೆ ಕೊಳದ ಸ್ಟೀಲಿನ ಏಣಿ ಫಳಫಳ ಹೊಳೆಯುತ್ತಿತ್ತು. "ಅಜ್ಜಾ, ಬಲಕ್ಕೆ, ಬಲಕ್ಕೆ!" ಎಂದು ಮೇಡಂ ಕೂಗಿದರು. ಮಾವನವರು ತಿರುಗಿಸಲೇ ಇಲ್ಲ. ದಡ್ ಎಂದು ಹೋಗಿ ಹೊಡೆದರು. ಆಮೇಲೆ ಅವರು ಏಣಿಯನ್ನು ತಡವಿ, ದೋಣಿಯ ಮೂತಿಯನ್ನು ತಟ್ಟಿ, "ಬೇಕಂತ ಹೊಡದೆ. ಗಟ್ಟಿ ಐತೋ ಇಲ್ಲೋ ನೋಡಬೇಕಲ್ಲಾ" ಎಂದರು. ಸಾರ್ ಚಪ್ಪಾಳೆ ತಟ್ಟಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ನೋಡಿದೆ: ತಡವಿದ ಏಣಿಯನ್ನು ಅವರು ಬಿಡಲೇ ಇಲ್ಲ. ಏಣಿ ಅವರಿಗೆ ಕಂಡಿರಲಿಲ್ಲ. ಶನಿವಾರ ಅವರು ಹೊರಡುವುದು ನಿಮ್ಮ ಕ್ಯಾಂಪಿಗಿಂತ ಮೂರು ಮೈಲಿ ಮೇಲಿನ ಹುಣಸೆ ಮರದ ದಂಡೆಯಿಂದ. ನಡುವೆ ಹೊಳೆ ಎರಡು ಬಂಡೆಗಳ ಇಕ್ಕಟ್ಟಿನಲ್ಲಿ ನುಗ್ಗುವ ಜಾಗ ಬರುತ್ತದೆ, ಅಲ್ಲಿ ನೀವೇ ಕೆಳಗಿಳಿದು ಹರಿಗೋಲನ್ನು ತಲೆಯ ಮೇಲೆ ಹೊತ್ತು ದಂಡೆಯಲ್ಲಿ ನಡೆಯುತ್ತೀರಿ ಎಂದು ಹೇಳಿದ್ದು ನೆನಪಿದೆ. ಆ ಬಂಡೆಗಳಿಗೆ ಹೊಡೆದ ಮೇಲೆ ಬೇಕಂತ ಹೊಡೆದೆ ಎನ್ನಲು ಯಾರೂ ಉಳಿಯುವುದಿಲ್ಲ.

ಮತ್ತೆ ನೀನೇಕೆ ಬಾಯಿ ಬಿಡಲಿಲ್ಲ ಎಂದು ನೀವು ಬಯ್ಯುತ್ತೀರಿ. ಬಯ್ಯಿರಿ. ಇವತ್ತು ಬೆಳಿಗ್ಗೆ ಮೇಡಂ ಒಬ್ಬರೇ ಅಡುಗೆಮನೆಗೆ ಬಂದು "ಅಕ್ಕಾ, ಅಜ್ಜನಿಗೆ ವಯಸ್ಸಾಗಿದೆ, ತೊಂದರೆ ಆಗಲ್ಲ ಅಲ್ವಾ?" ಎಂದು ಕೇಳಿದರು. ಹೇಳಲು ಅದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಹಾಲ್‌ನಿಂದ ಮಾವನವರ ನಗು ಕೇಳಿತು. ಒಂದು ಎಮ್ಮೆ, ಒಬ್ಬ ಮದುವಣಗಿತ್ತಿ, ಎರಡು ಚುನಾವಣೆಯ ಪೆಟ್ಟಿಗೆಗಳನ್ನು ಒಂದೇ ಹರಿಗೋಲಿನಲ್ಲಿ ಕೃಷ್ಣೆ ದಾಟಿಸಿದ ಕಥೆಯನ್ನು ಸಾರ್‌ಗೆ ಹೇಳುತ್ತಿದ್ದರು. ಊರಿಗೆ ಸೇತುವೆ ಬಂದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಆ ಸೇತುವೆಯ ಮೇಲೆ ಅವರು ಹಾದದ್ದು ಒಂದೇ ಸಲ, ನಮ್ಮ ಜೊತೆ ಇಲ್ಲಿಗೆ ಬರುವಾಗ. ಆಗಲೂ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಈ ಹತ್ತಡಿಯ ರೂಮಿನಲ್ಲಿ ಎರಡು ವರ್ಷ ಗೋಡೆಗೆ ಒರಗಿ ಕೂತ ಮನುಷ್ಯನನ್ನು ಓದಿಕೊಂಡವರಿಬ್ಬರು ಗುರು ಎಂದು ಕೂರಿಸಿಕೊಂಡಿದ್ದಾರೆ. ಮಾವನವರು ಕುರುಡರು ಎಂದು ಅವರಿಗೆ ಕೇಳಿಸುವಂತೆಯೇ, ಸೊಸೆಯಾದ ನಾನು, ರೊಟ್ಟಿಯ ಹಿಟ್ಟಿನ ಕೈಯಲ್ಲಿ ಹೇಗೆ ಹೇಳಲಿ? "ನೋಡೋಣ ಮೇಡಂ" ಎಂದೆ. ಎಂಥ ಹೇಡಿಯ ಮಾತು ನೋಡಿ. ರೊಟ್ಟಿ ಹೊತ್ತಿತು.

ಆದ್ದರಿಂದ ನನ್ನ ಯೋಜನೆಯನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ನಾವು ಹುಣಸೆ ಮರದ ದಂಡೆಗೆ ಬರುತ್ತೇವೆ. ಅಡುಗೆಗೆಂದು ನಾನೂ ಹೊರಟಿದ್ದೇನೆ. ನೀವು ಹರಿಗೋಲು ತೆಗೆದುಕೊಂಡು ಆಕಸ್ಮಿಕವಾಗಿ ಅಲ್ಲಿರಬೇಕು. ಆಕಸ್ಮಿಕ ಎಂಬುದನ್ನು ಚೆನ್ನಾಗಿ ಅಭ್ಯಾಸ ಮಾಡಿಕೊಳ್ಳಿ. ನಿಮ್ಮ ಮುಖಕ್ಕೆ ಸುಳ್ಳು ಒಗ್ಗುವುದಿಲ್ಲ, ಆದರೆ ಮುಖ ನೋಡುವ ಶಕ್ತಿ ಮಾವನವರಿಗಿಲ್ಲ, ದನಿಯೊಂದು ಸರಿಯಾಗಿದ್ದರೆ ಸಾಕು. ಅಪ್ಪಾ, ನನ್ನ ಹರಿಗೋಲು ಬಂದು ನೋಡು ಎಂದು ಹೇಗಾದರೂ ಮಾಡಿ ಕೆನೂವಿನಿಂದ ಇಳಿಸಿಕೊಳ್ಳಿ. ಆ ಮಕ್ಕಳನ್ನು ನಿಮ್ಮ ಕ್ಯಾಂಪಿನ ಯಾರಾದರೂ ನೋಡಿಕೊಳ್ಳಲಿ. ಒಂಬತ್ತೂವರೆಯವರೆಗೆ ಕಾಯುತ್ತೇನೆ. ನೀವು ಬಾರದಿದ್ದರೆ ದೋಣಿಯ ಹಗ್ಗ ಬಿಚ್ಚುವ ಮೊದಲು ಎಲ್ಲರೆದುರಿಗೆ ನಿಜ ಹೇಳುತ್ತೇನೆ. ಆಮೇಲೆ ಮಾವನವರು ನನ್ನ ಕೈಯ ಅನ್ನ ಮುಟ್ಟುವುದಿಲ್ಲ. ಅದೂ ನನಗೆ ಗೊತ್ತು. ಜೀವ ಹೋಗುವುದಕ್ಕಿಂತ ಮಾತು ಬಿಡುವುದು ವಾಸಿ. ಮೂರು ದಿನದಿಂದ ಇದನ್ನೇ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ, ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಕ್ಯಾಂಪಿನ ಅಡುಗೆಯವರಿಗೆ ನನ್ನ ನೆನಪು ಹೇಳಿ. ಶೇಂಗಾ ಚಟ್ನಿ ಕಾಗದದ ಜೊತೆಗಿದೆ, ಡ್ರೈವರ್ ಅರ್ಧ ತಿಂದಿದ್ದರೆ ಉಳಿದರ್ಧ ನಿಮ್ಮದು. ಭುಜಕ್ಕೆ ಎಣ್ಣೆ, ತಲೆಗೆ ರುಮಾಲು, ಹೊಟ್ಟೆಗೆ ಹೊತ್ತಿಗೆ ಸರಿಯಾಗಿ ಅನ್ನ ಮರೆಯಬೇಡಿ. ನೀವು ತಣ್ಣಗೆ ಇರಲೆಂದು ಬೇಡಿಕೊಳ್ಳುವ

ನಿಮ್ಮ
ಹೊಳೆವ್ವ

ತಾ.ಕ.: ಮಾವನವರು ಬಾಗಿಲಿಗೆ ಬಂದರು, ಬೇಗ ಬರೆಯುತ್ತೇನೆ. ಆಸ್ಪತ್ರೆಗೆ ತೋರಿಸಿದೆಯಾ, ಪೊರೆ ತೆಗೆಸಬಹುದಲ್ಲ ಎಂದು ನೀವು ಕೇಳುತ್ತೀರಿ. ಜನವರಿಯಲ್ಲೇ ತೋರಿಸಿದೆ. ಪೊರೆಯಲ್ಲವಂತೆ. ಕಣ್ಣಿನ ಒಳಗಿನ ನರ ಒಣಗಿದೆಯಂತೆ, ಹೋದದ್ದು ಬರುವುದಿಲ್ಲ, ಇದ್ದದ್ದೂ ಹೆಚ್ಚು ದಿನ ಉಳಿಯುವುದು ಕಷ್ಟ ಅಂದರು. ಇದನ್ನು ಅವರಿಗೆ ಹೇಳಿಲ್ಲ, ಬೇಸಿಗೆ ಕಳೆದ ಮೇಲೆ ಆಪರೇಷನ್ ಎಂದಿದ್ದೇನೆ. ಮುಖ, ಗೋಡೆ, ಏಣಿ ಯಾವುದೂ ಕಾಣದಿದ್ದರೂ ಬಿಸಿಲು ಬಿದ್ದ ನೀರಿನ ಹೊಳಪು ಇನ್ನೂ ಕಾಣುತ್ತದೆಯಂತೆ. ನಿನ್ನೆ ಕೊಳದಿಂದ ಬಂದವರು ಅಷ್ಟನ್ನೇ ಮೂರು ಸಲ ಹೇಳಿದರು. ಅದಕ್ಕೇ ಹೊರಡುವುದನ್ನು ನಾನು ತಪ್ಪಿಸಲಿಲ್ಲ. ಶನಿವಾರ ನಿಧಾನವಾಗಿ ಹರಿಯುವ, ಬಂಡೆಯಿಲ್ಲದ ಕಡೆಗೆ ಅವರನ್ನು ಕರೆದುಕೊಂಡು ಹೋಗಿ, ಹುಟ್ಟು ಅವರ ಕೈಗೆ ಕೊಡಿ. ಸೂರ್ಯ ಎದುರಿಗಿರಲಿ.