ವಿಲನ್‌ಗೆ ನಿಮ್ಮ ಹೆಸರು

ಯಶವಂತನಗರ
14-6-2006

ಲಾರಿ ಮಾಲೀಕರಾದ ಮನೋಹರ್ ಅವರಿಗೆ,

ನಮ್ಮ ವಿಡಿಯೊ ಸೆಂಟರ್‌ನಲ್ಲಿ ಚೀನಾದ ಕತ್ತಿವರಸೆ ಸಿನಿಮಾ ಹಾಕಿ, ಟಿವಿ ಪಕ್ಕ ನಿಂತು ಕನ್ನಡದಲ್ಲಿ ಕಥೆ ಹೇಳುತ್ತಿದ್ದವರು ನನ್ನ ಗಂಡ ರೇವಣಸಿದ್ದ. ನಿಮ್ಮ ಅದಿರು ಲಾರಿ ಹರಿದು ಅವರು ಸತ್ತಾಗ, ಅವರೇ ಕುಡಿದು ಅಡ್ಡ ಬಂದರೆಂದು ನೀವು ಪೊಲೀಸರ ಹತ್ತಿರ ಬರೆಸಿದಿರಿ. ಅವರು ಕುಡಿಯುತ್ತಿರಲಿಲ್ಲ.

ಈಗ ಕಥೆ ಹೇಳುವವಳು ನಾನು. ಯಾವ ಸಿನಿಮಾ ಇದ್ದರೂ ವಿಲನ್‌ಗೆ ನಿಮ್ಮ ಹೆಸರಿಡುತ್ತೇನೆ. ಅದನ್ನು ನಿಲ್ಲಿಸಬೇಕೆಂದು ನಿಮ್ಮ ಮೇಸ್ತ್ರಿ ಕೈಲಿ ಹೇಳಿಕಳಿಸಿದ್ದೀರಿ. ನಿಲ್ಲಿಸುವುದಿಲ್ಲ.

ಭಾನುವಾರ ಸಂಜೆಯ ಸಿನಿಮಾದಲ್ಲಿ ಒಬ್ಬ ಹೆಂಗಸು ಹಿಮದ ಮೇಲೆ ಕುಣಿದಂತೆಯೇ ಕಾದಾಡಿ, ಗಂಡನನ್ನು ಕೊಂದವನನ್ನು ಕೊಂದು, ತಾನೂ ಅಲ್ಲೇ ಕುಸಿದು ಸತ್ತಳು. ಎಲ್ಲರೂ ಎದ್ದು ಹೋದರು. ಅವತ್ತು ಆ ಲಾರಿ ಓಡಿಸುತ್ತಿದ್ದ ನಿಮ್ಮ ಡ್ರೈವರ್ ಗಾದಿಲಿಂಗಪ್ಪ ಮಾತ್ರ ಅಳುತ್ತ ಕೂತಿದ್ದರು.

"ಅಕ್ಕಾ, ರೇವಣ್ಣ ಕುಡದಿದ್ದಿಲ್ರಿ. ಬ್ರೇಕ್ ಹಿಡೀತಿದ್ದಿಲ್ಲ. ಮಾಲೀಕ್ರಿಗೆ ಮೂರು ಸಲ ಹೇಳಿದ್ದೆ. ನನಗ ಶಿಕ್ಷೆ ಆದ್ರೂ ಆಗ್ಲಿ, ಕೋರ್ಟಿನ್ಯಾಗ ಹೇಳ್ತೀನಿ" ಎಂದರು. ನಮ್ಮ ವಕೀಲರು ಅದನ್ನು ಬರೆಸಿ ಸಹಿ ಹಾಕಿಸಿಯೂ ಆಯಿತು.

ಆ ಹೆಂಗಸಿನಂತೆ ಸಾಯುವ ಮನಸ್ಸು ನನಗಿಲ್ಲ. ಸೋಮವಾರ ಕೇಸಿನ ವಿಚಾರಣೆಗೆ ಸಂಡೂರು ಕೋರ್ಟಿಗೆ ತಪ್ಪದೆ ಬನ್ನಿ. ಗಾದಿಲಿಂಗಪ್ಪ ಮಾತಾಡುವಾಗ ನಾನು ನಿಮ್ಮ ಮುಖ ನೋಡಬೇಕು.

ಇಂತಿ,
ರೇವಣಸಿದ್ದರ ಹೆಂಡತಿ
ಊರಮ್ಮ