ನಲವತ್ತೊಂದನೇ ಪುಟವನ್ನು ನನಗೆ ಕೊಡಿಸಿ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನಿಮ್ಮ ಕಚೇರಿಯ ಮೊದಲ ಮಹಡಿಯಲ್ಲಿ, ನಿಮ್ಮ ಕೋಣೆಯ ಬಾಗಿಲ ಪಕ್ಕದಲ್ಲೇ ಒಂದು ಗಾಜಿನ ಬೀರು ಇದೆ. ಅದರ ನಡುವಿನ ಅಂಕಣದಲ್ಲಿ ನೀಲಿ ರಟ್ಟಿನ ಗಣಿತದ ನೋಟ್‌ಬುಕ್ ಒಂದನ್ನು ಇಟ್ಟಿದ್ದೀರಿ. ಕೆಳಗೆ ಚೀಟಿ: ‘ಅಂದದ ನೋಟ್‌ಬುಕ್ ಯೋಜನೆ, ಪ್ರಥಮ ಬಹುಮಾನ, ಏಳನೇ ತರಗತಿ.’ ಅದು ನನ್ನ ಮಗಳ ನೋಟ್‌ಬುಕ್. ಅದು ನನಗೆ ವಾಪಸ್ ಬೇಕು. ಮೂರು ಸಲ ಬಂದು ಕೇಳಿದೆ, ಮೂರು ಸಲವೂ ಬರಿಗೈಯಲ್ಲಿ ಮೆಟ್ಟಿಲಿಳಿದೆ. ನಾಲ್ಕನೇ ಸಲ ನಿಮ್ಮ ಬಾಗಿಲಲ್ಲಿ ಕಾಯುವ ಬದಲು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಮಗಳ ನೋಟ್‌ಬುಕ್ ಎಂದೆ. ಅದರೊಳಗಿನ ಅಕ್ಷರ ಅವಳದಲ್ಲ, ನನ್ನದು. ಈ ಮಾತನ್ನು ಎರಡು ವರ್ಷ ನುಂಗಿಕೊಂಡಿದ್ದೆ. ಈಗ ನಿಮ್ಮ ಹುಬ್ಬು ಏರಿರಬಹುದು. ಇಳಿಸಿಕೊಳ್ಳಿ, ಮುಂದೆ ಇನ್ನೂ ಇದೆ.

ನಾನು ಬೋರ್ಡ್ ಬರೆಯುವವನು. ಔಷಧಿ ಅಂಗಡಿ, ಚಪ್ಪಲಿ ಅಂಗಡಿ, ‘ಇಲ್ಲಿ ವಾಹನ ನಿಲ್ಲಿಸಬಾರದು’, ಎಲ್ಲವೂ ನನ್ನ ಕೈಯದೇ. ನಿಮ್ಮ ಕಚೇರಿಯ ಗೇಟಿನ ಮೇಲಿರುವ ‘ಶಿಕ್ಷಣಾಧಿಕಾರಿಗಳ ಕಾರ್ಯಾಲಯ’ವೂ ಸೇರಿದಂತೆ. ನಮ್ಮ ಕಸುಬಿನಲ್ಲಿ ಗೆರೆ ತಪ್ಪಿದರೆ ಬಣ್ಣ ಒಣಗುವುದರೊಳಗೆ ಟರ್ಪೆಂಟೈನ್ ಬಟ್ಟೆಯಿಂದ ಒರೆಸಬೇಕು. ಗಿರಾಕಿ ಬರುವ ಹೊತ್ತಿಗೆ ತಪ್ಪಿನ ಗುರುತೇ ಇರಬಾರದು. ಇಪ್ಪತ್ತೈದು ವರ್ಷ ಹಾಗೆಯೇ ದುಡಿದವನಿಗೆ ಮಕ್ಕಳ ಓದೂ ಹೀಗೆಯೇ ಇರಬೇಕು ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ನೀವು ಬೋರ್ಡ್ ಬರೆಯುವವರಲ್ಲವಲ್ಲ, ನಿಮಗೇಕೆ ಹಾಗನ್ನಿಸಿತು?

ನಿಮ್ಮ ಯೋಜನೆ ಬರುವುದಕ್ಕೆ ಮುಂಚೆ ನನ್ನ ಮಗಳು ಸಂಜೆ ಶಾಲೆ ಬಿಟ್ಟ ಕೂಡಲೇ ನನ್ನ ಅಂಗಡಿಗೆ ಬರುತ್ತಿದ್ದಳು. ಖಾಲಿ ಬಣ್ಣದ ಡಬ್ಬವನ್ನು ಬೋರಲು ಹಾಕಿಕೊಂಡು ಕೂರುತ್ತಿದ್ದಳು. ಪಾಠವನ್ನು ಒಂದು ಸಲ ಓದಿ, ಪುಸ್ತಕ ಮುಚ್ಚಿ, ನನ್ನ ಕಡೆ ತಿರುಗುತ್ತಿದ್ದಳು.

“ಅಪ್ಪಾ, ಪುಸ್ತಕ ಮುಚ್ಚಿದೀನಿ. ಈಗ ಹೇಳ್ತೀನಿ, ಕೇಳಿಸ್ಕೋ.”

“ಅಯ್ಯೋ, ನಂಗೇನು ಗೊತ್ತಾಗುತ್ತೆ ಪುಟ್ಟಿ?”

“ಅದಕ್ಕೇ ನಿಂಗೆ ಹೇಳೋದು. ನಿಂಗೇ ಅರ್ಥ ಆಯ್ತು ಅಂದ್ರೆ ನಂಗೆ ಚೆನ್ನಾಗಿ ಬಂದಿದೆ ಅಂತ.”

ಎಲ್ಲಿ ತಡವರಿಸಿದಳೋ ಅಷ್ಟನ್ನು ಮಾತ್ರ ಪುಸ್ತಕ ತೆರೆದು ನೋಡಿ, ಮತ್ತೆ ಮುಚ್ಚಿ ಹೇಳುತ್ತಿದ್ದಳು. ಲೆಕ್ಕಗಳನ್ನು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಮಾಡುತ್ತಿದ್ದಳು. ಅಲ್ಲಿ ಅವಳ ಚಿತ್ತುಗಳನ್ನು ನೋಡಬೇಕಿತ್ತು ನೀವು! ಕೋಳಿ ಕೆದರಿದ ಹಾಗಿರುತ್ತಿತ್ತು. ಅರ್ಧ ಮುಕ್ಕಾಲು ಗಂಟೆಯಾದರೆ ಎದ್ದು ಆಟಕ್ಕೆ ಓಟ. ಮರುದಿನ ಬಂದು ಕೂತಾಗ ಮೊದಲು ನಿನ್ನೆಯದನ್ನೇ ತನಗೆ ತಾನೇ ಕೇಳಿಕೊಳ್ಳುತ್ತಿದ್ದಳು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಚೆನ್ನಾಗಿ ಓದುವ ಕ್ರಮವೆಂದರೆ ಹೆಚ್ಚುಕಡಿಮೆ ಇದೇ ಎಂದು ಅವಳ ಗಣಿತದ ಟೀಚರ್ ನನಗೆ ಹೇಳಿದರು. ಹೇಳಿದ್ದು ಈ ವರ್ಷ, ಎಲ್ಲ ಮುಗಿದ ಮೇಲೆ.

ಅವಳು ಏಳನೇ ತರಗತಿಗೆ ಬಂದಾಗ ನಿಮ್ಮ ಸುತ್ತೋಲೆ ಬಂತು. ಮನೆಗೆಲಸದ ನೋಟ್‌ಬುಕ್ಕಿಗೆ ಇಪ್ಪತ್ತೈದು ಅಂಕ. ಶೀರ್ಷಿಕೆಗೆ ಒಂದು ಬಣ್ಣ, ಉತ್ತರಕ್ಕೆ ಇನ್ನೊಂದು. ಅಂಚಿನಲ್ಲಿ ಏನನ್ನೂ ಬರೆಯುವಂತಿಲ್ಲ. ಹೊಡೆದುಹಾಕಿದ ಪ್ರತಿ ಸಾಲಿಗೆ ಅರ್ಧ ಅಂಕ ಕಡಿತ. ಪ್ರತಿ ಪುಟದ ಕೆಳಗೆ ಪೋಷಕರ ಸಹಿ. ಆ ಸುತ್ತೋಲೆಯನ್ನು ನಾನು ಅಕ್ಷರ ಬಿಡದೆ ಓದಿದ್ದೇನೆ. ಮಗುವಿಗೆ ತಿಳಿಯಿತೇ ಇಲ್ಲವೇ ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ. ಒಂದು ಪ್ರಶ್ನೆ ಕೇಳಲೇ? ಆ ಸುತ್ತೋಲೆಯನ್ನು ನೀವು ಒಂದೇ ಏಟಿಗೆ, ಒಂದು ಪದವನ್ನೂ ಹೊಡೆದುಹಾಕದೆ ಬರೆದಿರಾ? ಕರಡು ಇರಲಿಲ್ಲವೇ? ತಿದ್ದಿದ ಕರಡಿಗೆ ನಿಮ್ಮ ಅಂಕ ಕತ್ತರಿಸಿದವರು ಯಾರು?

ಮೊದಲ ತಿಂಗಳು ಅವಳಿಗೆ ಸಿಕ್ಕಿದ್ದು ಏಳು ಅಂಕ. ಲೆಕ್ಕಗಳೆಲ್ಲ ಸರಿಯಿದ್ದವು. ಅಳುತ್ತಾ ಅಂಗಡಿಗೆ ಬಂದಳು. “ತಾ ಇಲ್ಲಿ, ಹೆಡಿಂಗ್ ನಾನು ಬರ್ಕೊಡ್ತೀನಿ” ಎಂದೆ. ಆಮೇಲೆ ಚಿತ್ರಗಳೂ ನನ್ನವಾದವು. ಆಮೇಲೆ ಅವಳು ಕ್ಯಾಲೆಂಡರಿನ ಬೆನ್ನಿಗೆ ಮಾಡಿದ್ದನ್ನು ನಾನು ನೋಟ್‌ಬುಕ್ಕಿಗೆ ಇಳಿಸತೊಡಗಿದೆ. ಕಡೆಗೆ ನೀಲಿ ರಟ್ಟಿನ ಹೊಸ ನೋಟ್‌ಬುಕ್ ತಂದು, ಅಷ್ಟಕ್ಕೂ ಕಾಯದೆ, ಗೈಡ್ ಪಕ್ಕದಲ್ಲಿಟ್ಟುಕೊಂಡು ನಾನೇ ಬರೆದು ಮುಗಿಸುತ್ತಿದ್ದೆ. ಅವಳು ಪಕ್ಕದಲ್ಲಿ ಕೂತು ಬಣ್ಣದ ಪೆನ್ನು ಎತ್ತಿಕೊಡುತ್ತಿದ್ದಳು. ಅವಳಮ್ಮ ಆಸ್ಪತ್ರೆಯಲ್ಲಿ ಆಯಾ. ಕೆಲಸ ಮುಗಿಸಿ ಬಂದು ಇದನ್ನು ನೋಡಿ, “ಎಲ್ಲಾ ನೀವೇ ಬರೆದ್ರೆ ಅವಳು ಕಲಿಯೋದು ಯಾವಾಗ ರೀ?” ಎಂದಳು. “ನಿಂಗೆ ಇದೆಲ್ಲ ತಿಳಿಯಲ್ಲ, ಸುಮ್ನಿರು” ಎಂದು ಅವಳ ಬಾಯಿ ಮುಚ್ಚಿಸಿದೆ. ಮನೆಯಲ್ಲಿ ತಿಳಿದಿದ್ದವಳು ಅವಳೊಬ್ಬಳೇ.

ಇನ್ನು ನಲವತ್ತೊಂದನೇ ಪುಟದ ಕಥೆ. ನೀವು ತಪಾಸಣೆಗೆ ಬರುವ ಹಿಂದಿನ ದಿನ ನಾನೊಂದು ಅಂಗಡಿಯ ಬೋರ್ಡ್ ಏರಿಸಲು ಹೋಗಿದ್ದೆ. ಬಂದು ನೋಡಿದರೆ ಮಗಳು ಒಂದು ಲೆಕ್ಕವನ್ನು ನೇರವಾಗಿ ನೋಟ್‌ಬುಕ್ಕಿನಲ್ಲೇ ಮಾಡಿಬಿಟ್ಟಿದ್ದಳು. ಒಂದು ನಲ್ಲಿ ತೊಟ್ಟಿಯನ್ನು ಆರು ಗಂಟೆಯಲ್ಲಿ ತುಂಬಿಸುತ್ತದೆ, ಇನ್ನೊಂದು ಮೂರು ಗಂಟೆಯಲ್ಲಿ. ಎರಡನ್ನೂ ಬಿಟ್ಟರೆ ಎಷ್ಟು ಹೊತ್ತು? ಮೊದಲು ಒಂಬತ್ತು ಗಂಟೆ ಎಂದು ಬರೆದು ಹೊಡೆದುಹಾಕಿದ್ದಳು. ಆಮೇಲೆ ನಾಲ್ಕೂವರೆ ಎಂದು ಬರೆದು ಅದನ್ನೂ ಹೊಡೆದಿದ್ದಳು. ನಿಮ್ಮ ನಿಷೇಧಿತ ಅಂಚಿನಲ್ಲಿ ಸಣ್ಣಗೆ ಹೀಗೆ ಬರೆದಿದ್ದಳು: ‘ಎರಡೂ ನಲ್ಲಿ ಬಿಟ್ರೆ ಬೇಗ ತುಂಬ್ಬೇಕಲ್ವಾ, ಒಂದೇ ನಲ್ಲಿಗೇ ಮೂರು ಗಂಟೆ ಸಾಕಾದ್ರೆ ಇದ್ಯಾಕೆ ಜಾಸ್ತಿ?’ ಅದರ ಕೆಳಗೆ ಬೇರೆ ದಾರಿ ಹಿಡಿದು, ಒಂದು ಗಂಟೆಗೆ ಎಷ್ಟು ಭಾಗ ತುಂಬುತ್ತದೆ ಎಂದು ಹುಡುಕಿ, ಎರಡು ಗಂಟೆ ಎಂಬ ಉತ್ತರಕ್ಕೆ ಬಂದಿದ್ದಳು. ಅದರ ಸುತ್ತ ಮೂರು ಸುತ್ತು ಗೆರೆ ಎಳೆದಿದ್ದಳು, ಖುಷಿಗೆ.

“ಅಪ್ಪಾ, ನಾನೇ ಮಾಡ್ದೆ!” ಎಂದಳು. ನನ್ನ ಕಣ್ಣಿಗೆ ಕಂಡಿದ್ದು ಚಿತ್ತು. “ಏನೇ ಇದು ಗಲೀಜು, ನಾಳೆ ಸಾಹೇಬರು ಬರ್ತಾರೆ” ಎಂದು ಗದರಿದೆ. ಆ ಪುಟದ ಮೇಲೆ ಬಿಳಿ ಹಾಳೆ ಅಂಟಿಸಿ, ಗೈಡಿನಲ್ಲಿದ್ದ ಉತ್ತರವನ್ನು ಮೂರು ಬಣ್ಣದಲ್ಲಿ ಬರೆದೆ. ಅವಳು ನೋಡುತ್ತಾ ನಿಂತಿದ್ದಳು.

ಬಹುಮಾನದ ದಿನ ನೀವು ಆ ನೋಟ್‌ಬುಕ್ಕನ್ನು ಸಭೆಗೆ ಎತ್ತಿ ತೋರಿಸಿದಿರಿ. “ಒಂದೇ ಒಂದು ಚಿತ್ತಿಲ್ಲ, ಮುತ್ತು ಪೋಣಿಸಿದ ಹಾಗಿದೆ” ಎಂದಿರಿ. ಪುಟಗಳನ್ನು ಸವರಿದಿರಿ, ಅವಳ ಬೆನ್ನು ತಟ್ಟಿದಿರಿ. ಒಂದು ಪ್ರಶ್ನೆ, ಒಂದೇ ಒಂದು ಲೆಕ್ಕ ಅವಳನ್ನು ಕೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ವೇದಿಕೆಯ ಮೇಲಿಂದ ಅವಳು ಗುಂಪಿನಲ್ಲಿ ನನ್ನನ್ನು ಹುಡುಕಿದಳು. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದೆ.

ಆಮೇಲೆ ಅವಳು ಪುಸ್ತಕ ಮುಚ್ಚಿ ಹೇಳುವುದನ್ನು ನಿಲ್ಲಿಸಿದಳು. ಎಂಟನೇ ತರಗತಿಯ ಪರೀಕ್ಷೆಯಲ್ಲಿ ಫೇಲಾದಳು. ಗಣಿತದ ಟೀಚರ್ ನನ್ನನ್ನು ಕರೆಸಿ ಉತ್ತರ ಪತ್ರಿಕೆ ತೋರಿಸಿದರು. ಅದರಲ್ಲಿ ಏನೂ ಇರಲಿಲ್ಲ, ನಡುವೆ ಒಂದು ತೂತಿತ್ತು. “ಗೊತ್ತಿಲ್ಲ ಅಂತಲ್ಲ ಇವ್ರೇ, ಒಂದು ಸಾಲು ಬರೀತಾಳೆ, ಚೆನ್ನಾಗಿಲ್ಲ ಅಂತ ಅಳಿಸ್ತಾಳೆ. ಮತ್ತೆ ಬರೀತಾಳೆ, ಮತ್ತೆ ಅಳಿಸ್ತಾಳೆ. ಟೈಮ್ ಮುಗಿಯೋವರೆಗೂ ಅಷ್ಟೇ” ಎಂದರು. ಅದೇ ತರಗತಿಯಲ್ಲಿ ಮತ್ತೆ ಕೂತಳು. ಈಗ ಆರು ವಾರದಿಂದ ಶಾಲೆಗೇ ಹೋಗಿಲ್ಲ. ಮೊನ್ನೆ ಅವಳಮ್ಮ ಅಂಗಡಿಯಿಂದ ತರಬೇಕಾದ ಸಾಮಾನಿನ ಚೀಟಿ ಬರೆ ಎಂದರೆ, “ಅಪ್ಪ ಬರೀಲಿ, ನಂದು ಚೆನ್ನಾಗಿರಲ್ಲ” ಎಂದಳು. ಸೋಪು, ಬೆಂಕಿಪೊಟ್ಟಣ ಎಂದು ಬರೆಯುವುದಕ್ಕೂ ನನ್ನ ಮಗಳು ಹೆದರುತ್ತಾಳೆ ಮಾನ್ಯರೇ.

ಅದಕ್ಕೇ ಆ ನೋಟ್‌ಬುಕ್ ಬೇಕು. ನಲವತ್ತೊಂದನೇ ಪುಟದ ಮೇಲಿನ ಬಿಳಿ ಹಾಳೆಯ ಅಂಚಿಗೆ ಮಾತ್ರ ಅಂಟು ಹಚ್ಚಿದ್ದೇನೆ, ಒದ್ದೆ ಬಟ್ಟೆ ಇಟ್ಟು ನಿಧಾನಕ್ಕೆ ಬಿಡಿಸಿದರೆ ಬಿಡುತ್ತದೆ. ಎರಡು ಸಲ ತಪ್ಪಿ, ಯೋಚಿಸಿ, ತಾನೇ ದಾರಿ ಕಂಡುಕೊಂಡ ಹುಡುಗಿಯನ್ನು ಅವಳಿಗೆ ತೋರಿಸಬೇಕು. ನಾನು ಬಾಯಲ್ಲಿ ಹೇಳಿದರೆ ನಂಬುವುದಿಲ್ಲ. ಯಾಕೆ ನಂಬಬೇಕು? ಗಲೀಜು ಎಂದವನು ನಾನೇ ತಾನೇ?

ನಿಮ್ಮ ಗುಮಾಸ್ತರು ಮೂರು ಸಲವೂ ಒಂದೇ ಮಾತು ಹೇಳಿದರು. “ಪ್ರದರ್ಶನಕ್ಕಿಟ್ಟಿದ್ದು ಕಚೇರಿ ದಾಖಲೆ ಆಗುತ್ತೆ. ವಾಪಸ್ ಬೇಕು ಅಂದ್ರೆ ವಿದ್ಯಾರ್ಥಿನೇ ಕೈಬರಹದಲ್ಲಿ ಅರ್ಜಿ ಕೊಡ್ಬೇಕು. ನೋಟ್‌ಬುಕ್ಕಿನ ಅಕ್ಷರಕ್ಕೂ ಅದಕ್ಕೂ ಹೋಲಿಸಿ ನೋಡ್ತೀವಿ.” ನಿಮ್ಮ ಕಚೇರಿ ಇಷ್ಟು ಹುಷಾರಾಗಿದ್ದು ನನಗೆ ನಗು ತರಿಸಬೇಕಿತ್ತು. ಈ ಹೋಲಿಕೆಯನ್ನು ಎರಡು ವರ್ಷದ ಹಿಂದೆ, ಬಹುಮಾನ ಕೊಡುವ ಮೊದಲು ಮಾಡಿದ್ದರೆ ನಾನು ಇಂದು ನಿಮ್ಮ ಕಾಲಿಗೆ ಬೀಳುತ್ತಿದ್ದೆ.

ಕಳೆದ ಭಾನುವಾರ ಬೆಳಿಗ್ಗೆ ಒಂದು ಬಿಳಿ ಹಾಳೆ, ಪೆನ್ನು ಅವಳ ಮುಂದಿಟ್ಟೆ. “ನಾಲ್ಕು ಸಾಲು ಸಾಕು ಪುಟ್ಟಿ. ತಪ್ಪಾದ್ರೂ ಪರ್ವಾಗಿಲ್ಲ, ಹೊಡ್ದು ಹಾಕಿದ್ರೂ ಪರ್ವಾಗಿಲ್ಲ” ಎಂದೆ. ಪೆನ್ನಿನ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. ಆಮೇಲೆ ಹಾಳೆಯನ್ನು ನನ್ನ ಕಡೆಗೆ ತಳ್ಳಿದಳು.

“ನೀನೇ ಬರ್ದುಬಿಡಪ್ಪಾ, ನಾನು ಬರ್ದ ಹಾಗೆ. ನಿಂಗೆ ಬರುತ್ತಲ್ಲ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ನನಗೆ ಬರುತ್ತದೆ, ಮಾನ್ಯರೇ. ಎರಡು ನಿಮಿಷದ ಕೆಲಸ. ನಿಮ್ಮ ಗುಮಾಸ್ತರು ಭೂತಗನ್ನಡಿ ಹಿಡಿದು ನೋಡಿದರೂ ಆ ನೋಟ್‌ಬುಕ್ಕಿಗೆ ಅಕ್ಷರಕ್ಕಕ್ಷರ ಹೊಂದುವಂಥ ಅರ್ಜಿ ಬರೆದು, ಮರುದಿನ ಕಚೇರಿ ತೆರೆದ ಕೂಡಲೇ ಅದನ್ನು ಮನೆಗೆ ತರಬಹುದಿತ್ತು. ನಾನು ಬರೆಯಲಿಲ್ಲ. ಹಾಳೆಯನ್ನು ಖಾಲಿಯೇ ಮಡಿಸಿ ಜೇಬಿಗಿಟ್ಟುಕೊಂಡೆ.

ಆದ್ದರಿಂದ ಈ ಪತ್ರದ ಜೊತೆ ಅರ್ಜಿ ಇಲ್ಲ. ಅರ್ಜಿ ಇಲ್ಲದೆಯೇ ನೋಟ್‌ಬುಕ್ ಕೊಡಿ. ಬಹುಮಾನ ರದ್ದು ಮಾಡಿ, ಚೀಟಿ ಹರಿದುಹಾಕಿ, ಯಾವ ಶಿಕ್ಷೆಯಿದ್ದರೂ ನನಗೆ ಕೊಡಿ, ಅವಳನ್ನು ಮಾತ್ರ ನಿಮ್ಮ ಕಚೇರಿಗೆ ಕರೆಸಬೇಡಿ. ಚಿತ್ತಿಗೆ ಅಂಕ ಕತ್ತರಿಸುವ ಆ ಸಾಲನ್ನು ನಿಮ್ಮ ಸುತ್ತೋಲೆಯಿಂದ ಹೊಡೆದುಹಾಕಿ. ನೋಟ್‌ಬುಕ್ ಕೊಡುವ ಮುಂಚೆ ಆ ಪುಟವನ್ನು ನೀವು ಬಿಡಿಸಲು ಹೋಗಬೇಡಿ, ಹರಿದೀತು. ಅಂಟಿಸಿದವನೇ ಬಿಡಿಸಬೇಕು.

ಇಂತಿ,
ಅಂದದ ನೋಟ್‌ಬುಕ್ ಯೋಜನೆಯ ಪ್ರಥಮ ಬಹುಮಾನಿತ,
ಏಳನೇ ತರಗತಿ, ವಯಸ್ಸು ನಲವತ್ತೇಳು